ಬ್ರಾಹ್ಮಿ, ಅರಿಶಿನ ಜೀನನ್ನು ‘ಬದಲಾಯಿಸುತ್ತವೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮದ್ದಿನ ಗಿಡಗಳಲ್ಲಿರುವ ಅಂಶಗಳು ಮಿದುಳಿನ ಜೀನುಗಳ ಮೇಲೆ ಏನು ಮಾಡುತ್ತವೆ ಅಂತ ಹೈಸ್ಕೂಲು ಮಕ್ಕಳಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಸರಿಯಾದ ಕ್ರಿಯಾಪದ ಸಿಗುತ್ತಿಲ್ಲ. ನಿಮ್ಮ ಸಹಾಯ ಬೇಕು.

‘ಅರಿಶಿನ ಜೀನುಗಳನ್ನೇ ಬದಲಾಯಿಸುತ್ತದೆ’ ಎಂಬಂಥ ವಾಕ್ಯ ಆರೋಗ್ಯ ಬರಹಗಳಲ್ಲಿ ಕಣ್ಣಿಗೆ ಬೀಳುತ್ತದೆ. ಇದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಜೀನ್ ಬದಲಾಯಿತು ಅಂದರೆ ಡಿಎನ್‌ಎ ಅಕ್ಷರಗಳೇ ಬೇರೆಯಾದವು, ಅಂದರೆ ಮ್ಯುಟೇಶನ್ ಆಯಿತು ಎಂದರ್ಥ. ಇಲ್ಲಿ ಆಗುವುದು ಅದಲ್ಲ. ಜೀನ್ ಇದ್ದ ಹಾಗೇ ಇರುತ್ತದೆ. ಜೀವಕೋಶ ಅದರಿಂದ ಎಷ್ಟು ನಕಲು ತೆಗೆಯುತ್ತದೆ, ಎಷ್ಟು ಪ್ರೋಟೀನ್ ಮಾಡುತ್ತದೆ ಎಂಬುದು ಹೆಚ್ಚುಕಡಿಮೆ ಆಗುತ್ತದೆ.

ಒಂದು ಉದಾಹರಣೆ ನೋಡಿ. ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಪಿ300 ಎಂಬ ಕಿಣ್ವ ಹಿಸ್ಟೋನಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪನ್ನು ಅಂಟಿಸಿದರೆ ಸುತ್ತು ಸಡಿಲವಾಗುತ್ತದೆ, ಜೀನ್ ಓದಲು ಸಿಗುತ್ತದೆ. ಅರಿಶಿನದ ಕರ್ಕ್ಯುಮಿನ್ ಈ ಕಿಣ್ವವನ್ನು ತಡೆಯುತ್ತದೆ ಎಂದು 2004ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದ ಸಂಶೋಧಕರು. ಪಿ300ರ ಜೋಡಿ ಕಿಣ್ವ ಸಿಬಿಪಿ ನೆನಪು ಗಟ್ಟಿಯಾಗಲು ಬೇಕೇ ಬೇಕು. ಮಿದುಳಿನ ಅಧ್ಯಯನ ಮಾಡುವವರಿಗೆ ಇದರಲ್ಲಿ ಆಸಕ್ತಿ ಇರುವುದು ಅದಕ್ಕೇ. ಆದರೆ ಆ ಪ್ರಯೋಗ ನಡೆದದ್ದು ಪ್ರಯೋಗನಾಳ ಮತ್ತು ಜೀವಕೋಶಗಳಲ್ಲಿ. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ. ಸಾರಿಗೆ ಹಾಕಿದ ಚಿಟಿಕೆ ಅರಿಶಿನಕ್ಕೆ ಇದನ್ನು ಅನ್ವಯಿಸುವ ಹಾಗಿಲ್ಲ.

ಈಗ ಪದಗಳ ವಿಷಯ. ಜೀನನ್ನು ಓದಿ ಪ್ರೋಟೀನ್ ಮಾಡುವುದಕ್ಕೆ ‘ವಂಶವಾಹಿ ಅಭಿವ್ಯಕ್ತಿ’ (ಜೀನ್ ಎಕ್ಸ್‌ಪ್ರೆಶನ್) ಎಂಬ ಪದ ಬಳಕೆಯಲ್ಲಿದೆ, ಗೊತ್ತು. ಆದರೆ ಅಭಿವ್ಯಕ್ತಿ ಅಂದ ಕೂಡಲೇ ಮಕ್ಕಳ ತಲೆಗೆ ಬರುವುದು ಅಭಿವ್ಯಕ್ತಿ ಸ್ವಾತಂತ್ರ್ಯ ಅಲ್ವಾ? ‘ವಂಶವಾಹಿ’ಯಲ್ಲಿ ಇನ್ನೊಂದು ತೊಡಕು. ತಿಂದದ್ದರ ಪರಿಣಾಮ ಮೊಮ್ಮಕ್ಕಳವರೆಗೂ ಹೋಗುತ್ತದೆ ಎಂಬ ಭಾವನೆ ಬರುತ್ತದೆ. ಹಾಗಾಗಿ ಜೀನ್ ಎಂದೇ ಇಟ್ಟುಕೊಂಡಿದ್ದೇನೆ.

‘ಜೀನ್ ಎಚ್ಚರಗೊಂಡಿತು’ ಎಂದು ಬರೆದು ನೋಡಿದೆ. ಅದರಲ್ಲಿ ಮೊದಲು ಪೂರ್ತಿ ಮಲಗಿತ್ತು ಎಂಬ ಅರ್ಥ ಬರುತ್ತದೆ. ನಿಜಕ್ಕೂ ಆಗುವುದು ಏರಿಳಿತ. ನನಗೆ ಹಿಡಿಸಿದ್ದು ‘ಚುರುಕಾಗು’, ‘ಮಂದವಾಗು’. ಉದಾಹರಣೆಗೆ: ‘ಬ್ರಾಹ್ಮಿ ಸಾರ ಕೊಟ್ಟ ಇಲಿಗಳ ಮಿದುಳಿನಲ್ಲಿ ಬಿಡಿಎನ್‌ಎಫ್ ಜೀನ್ ಚುರುಕಾಯಿತು.’ ಬಿಡಿಎನ್‌ಎಫ್ ನರಕೋಶಗಳನ್ನು ಬೆಳೆಸುವ, ಕಾಪಾಡುವ ಪ್ರೋಟೀನ್. ವಾಕ್ಯ ಸುಲಭವಾಗಿ ಓದಿಸಿಕೊಳ್ಳುತ್ತದೆ. ಆದರೆ ‘ಚುರುಕು’ ಅಂದರೆ ಒಳ್ಳೆಯದೇ ಎಂಬ ಧ್ವನಿಯೂ ಇದೆ. ಉರಿಯೂತದ ಜೀನ್ ಚುರುಕಾಗುವುದು ಒಳ್ಳೆಯದಲ್ಲ. ಇದೊಂದು ನನ್ನನ್ನು ಕಾಡುತ್ತಿದೆ.

ಬ್ರಾಹ್ಮಿ ಎಂಬ ಹೆಸರಿನ ಗೊಂದಲವೂ ಇಲ್ಲೇ ಬರುತ್ತದೆ. ಇಲಿಗಳಿಗೆ ಕೊಟ್ಟದ್ದು ಬಕೋಸೈಡ್ ಎಂಬ ಅಂಶ ಇರುವ, ಪುಟ್ಟ ದಪ್ಪ ಎಲೆಯ ನೀರುಬ್ರಾಹ್ಮಿ. ನಮ್ಮಲ್ಲಿ ಎಷ್ಟೋ ಜನ ಬ್ರಾಹ್ಮಿ ಎನ್ನುವುದು ತಂಬುಳಿ ಮಾಡುವ ಒಂದೆಲಗಕ್ಕೆ, ತುಳುವಿನ ತಿಮರೆಗೆ. ಅದರಲ್ಲಿರುವುದು ಏಷಿಯಾಟಿಕೋಸೈಡ್. ಗಿಡವೇ ಬೇರೆ, ಅಂಶವೂ ಬೇರೆ. ಬರಹದಲ್ಲಿ ‘ನೀರುಬ್ರಾಹ್ಮಿ’, ‘ಒಂದೆಲಗ’ ಎಂದೇ ಬಿಡಿಸಿ ಬರೆಯುತ್ತೇನೆ.

ಜೀವಶಾಸ್ತ್ರ ಪಾಠ ಮಾಡುವವರು ಇಲ್ಲಿ ಇದ್ದೀರಿ. ತರಗತಿಯಲ್ಲಿ ಬಾಯಿಮಾತಿಗೆ ಏನೆನ್ನುತ್ತೀರಿ? ಒಳಿತು ಕೆಡುಕಿನ ಧ್ವನಿ ಇಲ್ಲದ, ಬರೀ ಏರಿಳಿತ ಹೇಳುವ ಜೋಡಿ ಪದ ಯಾವುದಾದರೂ ಇದ್ದರೆ ದಯವಿಟ್ಟು ತಿಳಿಸಿ.