ಬಿಎಸ್‌ಸಿ ಮೊದಲ ಸೆಮಿಸ್ಟರ್ ಫಿಸಿಕ್ಸ್: ಲೆಕ್ಕ ಬಂದರೆ ಕೈ ನಿಲ್ಲುತ್ತದೆ

ಪ್ರಶ್ನೆ:
ನಾನು ವಿಜಯಪುರದಲ್ಲಿ ಓದುವ ವಿದ್ಯಾರ್ಥಿನಿ. ಪರೀಕ್ಷೆಗೆ 18 ದಿನ ಉಳಿದಿದೆ. ಥಿಯರಿ ಓದಿದರೆ ತಿಳಿಯುತ್ತದೆ, ಲೆಕ್ಕ ಕೊಟ್ಟರೆ ಸುಮ್ನೆ ಕೂರುತ್ತೇನೆ. ನಿನ್ನೆ ಇಳಿಜಾರಿನಲ್ಲಿ ಉರುಳುವ ಘನ ಗೋಳದ ಲೆಕ್ಕ ಮೂರು ಸಲ ಮಾಡಿದೆ. ಮೂರೂ ಸಲ ವೇಗೋತ್ಕರ್ಷ (ವೇಗ ಏರುವ ದರ) ಜಿ ಸೈನ್ ಥೀಟಾ ಅಂತಲೇ ಬಂತು; ಜಿ ಅಂದರೆ ಗುರುತ್ವದ ವೇಗೋತ್ಕರ್ಷ, ಥೀಟಾ ಅಂದರೆ ಇಳಿಜಾರಿನ ಕೋನ. ಪುಸ್ತಕದಲ್ಲಿ ಅದರ 5/7 ಪಾಲು ಇದೆ. ಹಳೆಯ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿದರೆ ಸಾಕಾ?

ಉತ್ತರ 1:
ಬಾಯಿಪಾಠ ಬೇಡ ತಂಗಿ. ನಾನೂ ಇಂಡಿ ಕಡೆಯ ಹಳ್ಳಿಯಿಂದ ಬಂದು ಇದೇ ಕಷ್ಟಪಟ್ಟವಳು. ನೀನು ಬರೆದದ್ದು ಘರ್ಷಣೆ ಇಲ್ಲದೆ ಜಾರುವ ವಸ್ತುವಿನ ಉತ್ತರ. ಉರುಳುವಾಗ ಶಕ್ತಿಯ ಒಂದು ಪಾಲು ತಿರುಗುವುದಕ್ಕೂ ಹೋಗುತ್ತದೆ. ಘನ ಗೋಳದ ಮೊಮೆಂಟ್ ಆಫ್ ಇನರ್ಷಿಯಾದಲ್ಲಿ, ಅಂದರೆ ತಿರುಗಿಸಲು ಹೋದಾಗ ವಸ್ತು ಒಡ್ಡುವ ತಡೆಯ ಅಳತೆಯಲ್ಲಿ, 2/5 ಇದೆ ಅಲ್ವಾ? ಅದನ್ನು 1ಕ್ಕೆ ಕೂಡಿಸು, 7/5. ಜಿ ಸೈನ್ ಥೀಟಾವನ್ನು ಅದರಿಂದ ಭಾಗಿಸು. ಈಗ ಪುಸ್ತಕ ಮುಚ್ಚಿ, ಕೈಬಳೆ ಉರುಳಿದರೆ ಎಷ್ಟು ಅಂತ ನೀನೇ ಮಾಡು. ಮೊದಲು ಚಿತ್ರ ಬರೆದು ಬಲಗಳ ಬಾಣ ಹಾಕು. ನನಗೆ ಲೆಕ್ಕ ಹತ್ತಿದ್ದೇ ಆ ಬಾಣಗಳಿಂದ.

ಉತ್ತರ 2:
ಒಂದು ಸಂಜೆ ಗೋಳಗುಮ್ಮಟಕ್ಕೂ ಹೋಗಿ ಬಾ. ಒಳ ವ್ಯಾಸ ಸುಮಾರು 38 ಮೀಟರ್. ಚಪ್ಪಾಳೆಯ ಸದ್ದು ಎದುರು ಗೋಡೆಗೆ ತಾಗಿ ಮರಳಲು 76 ಮೀಟರ್. ಸದ್ದಿನ ವೇಗ ಸೆಕೆಂಡಿಗೆ 340 ಮೀಟರ್ ಅಂದರೆ 0.22 ಸೆಕೆಂಡ್. ಕಿವಿಯಿಂದ ಕೇಳಿದ ಲೆಕ್ಕ ಮರೆಯುವುದಿಲ್ಲ.

ಪ್ರಶ್ನೆ ಕೇಳಿದವಳು:
ಅಕ್ಕಾ, ಬಳೆಗೆ 1/2 ಬಂತು. ಘನ ಸಿಲಿಂಡರಿಗೂ ಮಾಡಿದೆ, 2/3. ಸರಿ ಇದೆಯಾ?

ಉತ್ತರ 1:
ಎರಡೂ ಸರಿ. ಇನ್ನು ಪೊಳ್ಳು ಗೋಳ ಮಾಡು.