ಕಿಡ್ನಿ ಕಸಿಯಾದ ಮೇಲೆ ಸಿಎಂವಿ: ಯಾವ ವರದಿಯನ್ನು ನಂಬಬೇಕು? ಅನುಭವ ಇದ್ದವರು ತಿಳಿಸಿ

ಹಾಸನದ ಗೃಹಿಣಿ

ನನ್ನ ಪತಿಗೆ ನಾನೇ ಕಿಡ್ನಿ ಕೊಟ್ಟು ನಾಲ್ಕು ತಿಂಗಳಾಗಿವೆ. ಇಬ್ಬರ ಸಿಎಂವಿ (ಸೈಟೊಮೆಗಲೊ ವೈರಸ್) ಐಜಿಜಿ ಪ್ರತಿಕಾಯ ಪರೀಕ್ಷೆಯೂ ಪಾಸಿಟಿವ್, ಅಂದರೆ ವೈರಸ್ ಇಬ್ಬರಿಗೂ ಹಿಂದೆಯೇ ತಗುಲಿತ್ತು. ಕಸಿಯ ವೇಳೆ ರೋಗನಿರೋಧಕ ಶಕ್ತಿಯನ್ನು ತೀವ್ರವಾಗಿ ಕುಗ್ಗಿಸುವ ಎಟಿಜಿ ಕೊಟ್ಟಿದ್ದರಿಂದ ಮೂರು ತಿಂಗಳು ಸಿಎಂವಿ ತಡೆಯುವ ಮಾತ್ರೆ ವಾಲ್‌ಗ್ಯಾನ್ಸಿಕ್ಲೋವಿರ್ ನಡೆಯಿತು, ಆಮೇಲೆ ನಿಲ್ಲಿಸಿದರು. ಈಗ ಸಂಜೆ ಹೊತ್ತು ಸಣ್ಣ ಜ್ವರ, ಬಿಡದ ಭೇದಿ. ಬಿಳಿ ರಕ್ತಕಣ 2,800ಕ್ಕೆ ಇಳಿದಿದೆ, ಕಿಡ್ನಿಯ ಕೆಲಸ ತಗ್ಗಿದಾಗ ಏರುವ ಕ್ರಿಯಾಟಿನಿನ್ 1.3ರಿಂದ 1.7ಕ್ಕೆ ಹೋಗಿದೆ. ರಕ್ತದಲ್ಲಿನ ವೈರಸ್ಸನ್ನು ಎಣಿಸುವ ಪಿಸಿಆರ್ ಪರೀಕ್ಷೆ ಮಾಡಿಸಿದೆವು. ಒಂದು ಲ್ಯಾಬಿನ ವರದಿ ವೈರಸ್ ಇದೆ, ಆದರೆ ಎಣಿಸುವಷ್ಟಿಲ್ಲ ಎನ್ನುತ್ತದೆ. ಮರುದಿನ ಬೇರೊಂದು ಲ್ಯಾಬಿನಲ್ಲಿ 1,900 ಎಂದು ಬಂತು. ವೈದ್ಯರು ಕೊಲೊನೊಸ್ಕೋಪಿ ಮಾಡಿ ಬಯಾಪ್ಸಿ ತೆಗೆಯಬೇಕೆನ್ನುತ್ತಿದ್ದಾರೆ. ಇವರು ಈಗಾಗಲೇ ಸೋತುಹೋಗಿದ್ದಾರೆ, ಕೈಯಲ್ಲಿ ಹಣವೂ ಕಡಿಮೆ. ಇದು ನಿಜಕ್ಕೂ ಬೇಕೇ?

ಮೈಸೂರಿನಿಂದ, ತಮ್ಮನಿಗೆ ಕಸಿಯಾದವರು

ಸಹೋದರಿ, ಬೇಕು. ನನ್ನ ತಮ್ಮನ ರಕ್ತದ ಪಿಸಿಆರ್‌ನಲ್ಲಿ ಎಣಿಕೆಯಿರಲಿ, ವೈರಸ್ಸೇ ಪತ್ತೆಯಾಗಿಲ್ಲ ಎಂದು ಬಂದಿತ್ತು. ಆ ಒಂದು ಸಾಲನ್ನು ಹಿಡಿದುಕೊಂಡು ಅಂದಿನ ಆಸ್ಪತ್ರೆಯವರು ಭೇದಿಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಮೈಕೊಫೆನೊಲೇಟ್ ಮಾತ್ರೆ ಕಾರಣವೆಂದು ತೀರ್ಮಾನಿಸಿದರು. ಭೇದಿ ಹೆಚ್ಚಾದಾಗ ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಟ್ಯಾಕ್ರೋಲಿಮಸ್ ರಕ್ತದಲ್ಲಿ ಮಾಮೂಲಿಗಿಂತ ಹೆಚ್ಚು ಸೇರುತ್ತದೆಂಬುದು ಕಸಿ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ತಮ್ಮನ ಮಟ್ಟ 8ರಿಂದ 17ಕ್ಕೆ ಏರಿತು, ಅದರ ಹಿಂದೆಯೇ ಕ್ರಿಯಾಟಿನಿನ್ ಏರಿತು, ಅದನ್ನು ನೋಡಿದವರು ರಿಜೆಕ್ಷನ್ (ದೇಹವು ಕಿಡ್ನಿಯನ್ನು ತಿರಸ್ಕರಿಸುವುದು) ಎಂದು ಬಗೆದು, ಕಿಡ್ನಿ ಬಯಾಪ್ಸಿಯ ವರದಿ ಕೈಸೇರುವ ಮೊದಲೇ ಮೂರು ದಿನ ಮಿಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ವರದಿಯಲ್ಲಿ ರಿಜೆಕ್ಷನ್ ಇರಲಿಲ್ಲ. ಆದರೆ ವೈರಸ್ಸನ್ನು ಅದುವರೆಗೆ ಅಷ್ಟೋ ಇಷ್ಟೋ ತಡೆದಿದ್ದ ರೋಗನಿರೋಧಕ ಶಕ್ತಿಯನ್ನೂ ಆ ಡ್ರಿಪ್ ಕುಗ್ಗಿಸಿಬಿಟ್ಟಿತ್ತು, ಆ ವಾರವೇ ಮಲದಲ್ಲಿ ರಕ್ತ ಕಾಣಿಸಿತು.

ಲೆಕ್ಕ ಹೇಳುತ್ತೇನೆ. ಆ ಆಸ್ಪತ್ರೆಯ ಬಿಲ್ 1,80,000 ರೂಪಾಯಿ ದಾಟಿತು. ಅದರಲ್ಲಿ ಬೇಡದ ಡ್ರಿಪ್‌ನ ಹಣವೂ ಸೇರಿತ್ತು. ಅಪ್ಪನ ಹೆಸರಿನ ಠೇವಣಿಯನ್ನು ಅವಧಿಗೆ ಮೊದಲೇ ಮುರಿದೆವು, ಬಡ್ಡಿ ಹೋಯಿತು. ಎರಡನೇ ಆಸ್ಪತ್ರೆಯಲ್ಲಿ ಕೊಲೊನೊಸ್ಕೋಪಿ ಮತ್ತು ಬಯಾಪ್ಸಿಗೆ 14,000 ರೂಪಾಯಿ, ಆ ತುಣುಕಿಗೆ ಬಣ್ಣ ಹಾಕಿ ವೈರಸ್ ಹುಡುಕುವ ಇಮ್ಯುನೊಹಿಸ್ಟೊಕೆಮಿಸ್ಟ್ರಿಗೆ ಪ್ರತ್ಯೇಕವಾಗಿ 3,500 ರೂಪಾಯಿ ಕೊಟ್ಟೆವು. ದೊಡ್ಡ ಕರುಳಿನಲ್ಲಿ ಹುಣ್ಣುಗಳಿದ್ದವು, ಜೀವಕೋಶಗಳಲ್ಲಿ ಗೂಬೆಗಣ್ಣಿನಂಥ ಗುರುತುಗಳಿದ್ದವು, ಬಣ್ಣದ ಪರೀಕ್ಷೆ ಸಿಎಂವಿಯನ್ನು ದೃಢಪಡಿಸಿತು. ಎಲ್ಲಕ್ಕೂ ಉತ್ತರ ಕೊಟ್ಟದ್ದು ಆ 17,500 ರೂಪಾಯಿಯ ಪರೀಕ್ಷೆ, ಅದನ್ನೇ ಎಲ್ಲಕ್ಕಿಂತ ಕೊನೆಗೆ ಮಾಡಿದರು. ಕರುಳಿನ ಸಿಎಂವಿ ರಕ್ತದಲ್ಲಿ ಕಾಣಲೇಬೇಕೆಂದಿಲ್ಲ. ಇದನ್ನು ನೆನೆದರೆ ಇವತ್ತಿಗೂ ನನ್ನ ಕೈ ನಡುಗುತ್ತದೆ.

ಹುಬ್ಬಳ್ಳಿಯಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ, 2011ರಲ್ಲಿ ಕಸಿ ಮಾಡಿಸಿಕೊಂಡವರು

ಮೈಸೂರಿನವರು ಪಿಸಿಆರ್ ಪರೀಕ್ಷೆಯನ್ನೇ ದೂರುತ್ತಿರುವಂತಿದೆ. ನನ್ನ ಕಿಡ್ನಿ ಇಷ್ಟು ವರ್ಷ ಉಳಿದಿರುವುದು ಪಿಸಿಆರ್‌ನಿಂದಲೇ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ನಾನು ಮುಂಜಾಗ್ರತೆಯ ಮಾತ್ರೆ ನುಂಗಲಿಲ್ಲ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ರಕ್ತ ಕೊಟ್ಟೆ, ವೈರಸ್ ಏರತೊಡಗಿದ ಮೇಲೆ, ಲಕ್ಷಣ ಕಾಣುವ ಮೊದಲೇ ಚಿಕಿತ್ಸೆ ಪಡೆದೆ. ಆರಂಭದಲ್ಲಿ ನನಗೆ ಬಿಳಿ ರಕ್ತಕಣಗಳಲ್ಲಿ ಸಿಎಂವಿಯ ಪ್ರೋಟೀನ್ ಹುಡುಕುವ ಪಿಪಿ65 ಪರೀಕ್ಷೆ ಬರೆದುಕೊಟ್ಟಿದ್ದರು. ರಕ್ತ ತೆಗೆದ ಆರೆಂಟು ಗಂಟೆಯೊಳಗೆ ಆ ಮಾದರಿಯನ್ನು ಸಿದ್ಧಪಡಿಸಬೇಕು, ಅದರಲ್ಲಿ ಎಣಿಸುವುದೇ ಬಿಳಿ ರಕ್ತಕಣಗಳನ್ನು. ನಮ್ಮ ಮಾದರಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿತ್ತು, ನನ್ನ ಬಿಳಿ ರಕ್ತಕಣಗಳು ಆಗಲೇ ಕುಸಿದಿದ್ದವು. ಹಾಗಿರುವಾಗ ನೆಗೆಟಿವ್ ಎಂಬ ಆ ವರದಿಗೆ ಏನು ಬೆಲೆ? ನಾನೇ ಹಟ ಹಿಡಿದು ಪಿಸಿಆರ್‌ಗೆ ಬದಲಾಯಿಸಿಕೊಂಡೆ. ಆ ಹಟದ ಬಗ್ಗೆ ನನಗೆ ಹೆಮ್ಮೆಯಿದೆ.

ಹಾಸನದ ಸಹೋದರಿ, ತಮ್ಮ ಎರಡು ವರದಿಗಳಲ್ಲಿ ಒಂದು ಪ್ಲಾಸ್ಮಾದ್ದು (ಕಣಗಳನ್ನು ತೆಗೆದ ರಕ್ತದ ದ್ರವ), ಇನ್ನೊಂದು ಇಡೀ ರಕ್ತದ್ದು ಆಗಿರಬಹುದು. ವರದಿಯ ಮೇಲ್ಭಾಗದಲ್ಲಿ ಬರೆದಿರುತ್ತದೆ, ನೋಡಿ. ಇಡೀ ರಕ್ತದಲ್ಲಿ ಕಣಗಳೊಳಗಿನ ವೈರಸ್ಸೂ ಸೇರುವುದರಿಂದ ಸಂಖ್ಯೆ ಸಾಮಾನ್ಯವಾಗಿ ದೊಡ್ಡದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅಂತರರಾಷ್ಟ್ರೀಯ ಮಾನಕ ತಂದ ಮೇಲೆ ಎಲ್ಲರೂ ಐಯು (ಅಂತರರಾಷ್ಟ್ರೀಯ ಯೂನಿಟ್) ಲೆಕ್ಕದಲ್ಲಿ ಬರೆಯಬೇಕು, ಆದರೂ ಲ್ಯಾಬಿನಿಂದ ಲ್ಯಾಬಿಗೆ ವ್ಯತ್ಯಾಸ ಉಳಿದಿದೆ. ಒಂದೇ ಲ್ಯಾಬಿನ, ಒಂದೇ ಬಗೆಯ ಮಾದರಿಯಲ್ಲಿ ಸಂಖ್ಯೆ ಮೂರು ಪಟ್ಟಿಗಿಂತ ಹೆಚ್ಚು ಬದಲಾದರೆ ಮಾತ್ರ ಅದನ್ನು ನಿಜವಾದ ಏರಿಳಿತವೆಂದು ತೆಗೆದುಕೊಳ್ಳಬೇಕು. ಸಾವಿರ ಇದ್ದದ್ದು ಎರಡು ಸಾವಿರವಾಯಿತೆಂದು ಗಾಬರಿಪಡುವವರನ್ನೂ, ಅಗ್ಗವೆಂದು ಪ್ರತಿ ಬಾರಿ ಹೊಸ ಲ್ಯಾಬು ಹುಡುಕುವವರನ್ನೂ ಕಂಡಿದ್ದೇನೆ. ಪ್ರತಿ ಪರೀಕ್ಷೆಗೆ 4,500 ರೂಪಾಯಿ ಕೊಟ್ಟೆ, ಮೇಲೆ ಕೊರಿಯರ್‌ನ ಹಣ. ತಿಂಗಳುಗಟ್ಟಲೆ ಮಾತ್ರೆ ನುಂಗಿ ಬಿಳಿ ರಕ್ತಕಣ ಕಳೆದುಕೊಳ್ಳುವುದಕ್ಕಿಂತ ಅದು ವಿವೇಕದ ದಾರಿ.

ಮಂಗಳೂರಿನಿಂದ, ಕಸಿಯಾದವರ ಮಗಳು

ಹುಬ್ಬಳ್ಳಿಯ ಹಿರಿಯರಿಗೆ ನಮಸ್ಕಾರ. ಮಾತ್ರೆ ನುಂಗುವವರಿಗೆ ವಿವೇಕವಿಲ್ಲವೆಂದು ತಾವು ಇಷ್ಟು ಸುಲಭವಾಗಿ ಬರೆದದ್ದು ನನಗೆ ನೋವು ತಂದಿದೆ. ನನ್ನ ತಂದೆಗೆ ರಾಜ್ಯದ ಅಂಗಾಂಗ ದಾನ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯ ಮೂಲಕ ಕಿಡ್ನಿ ದೊರೆಯಿತು. ಸಿಎಂವಿ ಐಜಿಜಿಯಲ್ಲಿ ದಾನಿ ಪಾಸಿಟಿವ್, ತಂದೆ ನೆಗೆಟಿವ್. ನಮ್ಮ ದೇಶದಲ್ಲಿ ವಯಸ್ಕರಲ್ಲಿ ಬಹುತೇಕರಿಗೆ ಈ ವೈರಸ್ ಮೊದಲೇ ತಗುಲಿರುವುದರಿಂದ ಇಂಥ ಜೋಡಿ ಅಪರೂಪ, ಆದರೆ ಅಪಾಯ ಅತಿ ಹೆಚ್ಚಿರುವುದೂ ಇವರಿಗೇ. ನೂರು ದಿನದ ಬದಲು ಇನ್ನೂರು ದಿನ ಮಾತ್ರೆ ಕೊಟ್ಟರೆ ಮೊದಲ ವರ್ಷದ ಸಿಎಂವಿ ಕಾಯಿಲೆ 36.8 ಶೇಕಡದಿಂದ 16.1 ಶೇಕಡಕ್ಕೆ ಇಳಿಯುತ್ತದೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದ್ದು ಇಂಥ ಜೋಡಿಗಳಲ್ಲಿಯೇ.

450 ಮಿಲಿಗ್ರಾಮಿನ ಒಂದು ಮಾತ್ರೆಗೆ ನಾವು 300 ರೂಪಾಯಿ ಕೊಡುತ್ತಿದ್ದೆವು. ದಿನಕ್ಕೆ ಎರಡು, ತಿಂಗಳಿಗೆ 18,000, ಇನ್ನೂರು ದಿನಕ್ಕೆ 1,20,000 ರೂಪಾಯಿ. ಅಷ್ಟನ್ನೂ ಹೊಂದಿಸಿದೆವು. ನಡುವೆ ಬಿಳಿ ರಕ್ತಕಣ ಕುಸಿದಾಗ, ಊರಿನಲ್ಲಿ ತೋರಿಸಿದ ಒಬ್ಬ ವೈದ್ಯರು ಕಿಡ್ನಿಯ ಕ್ಲಿಯರೆನ್ಸ್ (ರಕ್ತ ಶೋಧಿಸುವ ವೇಗ) ಲೆಕ್ಕ ಹಾಕದೆ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಮೈಕೊಫೆನೊಲೇಟ್ ಇಳಿಸಬಹುದಿತ್ತು, ರಕ್ತಕಣ ಹೆಚ್ಚಿಸುವ ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದು ಕೊಡಬಹುದಿತ್ತು, ಎರಡನ್ನೂ ಮಾಡಲಿಲ್ಲ. ಅರೆ ಪ್ರಮಾಣದ ಔಷಧದಲ್ಲಿ ಪಳಗಿದ ವೈರಸ್ ಮುಂದೆ ಪೂರ್ಣ ಪ್ರಮಾಣಕ್ಕೂ ಬಗ್ಗಲಿಲ್ಲ. ಎರಡು ವಾರ ಸರಿಯಾದ ಚಿಕಿತ್ಸೆ ನಡೆದರೂ ಪಿಸಿಆರ್ ಇಳಿಯದಿದ್ದಾಗ ವೈರಸ್ಸಿನ ಯುಎಲ್97 ಜೀನ್ ಪರೀಕ್ಷೆಗೆ ಕಳುಹಿಸಿದರು, ಔಷಧಕ್ಕೆ ಬಗ್ಗದಂತೆ ಮಾಡುವ ಬದಲಾವಣೆ ಸಿಕ್ಕಿತು. ಉಳಿದದ್ದು ಫಾಸ್ಕಾರ್ನೆಟ್. ಅದು ಕಿಡ್ನಿಗೇ ಪೆಟ್ಟು ಕೊಡುವ ಔಷಧ, ಕ್ರಿಯಾಟಿನಿನ್ 1.4ರಿಂದ 2.6ಕ್ಕೆ ಹೋಯಿತು, ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಕುಸಿದು ಪ್ರತಿದಿನ ಡ್ರಿಪ್ ಹಾಕಬೇಕಾಯಿತು. ತಂದೆ ಬದುಕಿದ್ದಾರೆ, ಆದರೆ ಆ ಕಿಡ್ನಿ ಮೊದಲಿನಂತಾಗಲಿಲ್ಲ.

ತುಮಕೂರಿನಿಂದ, ಕಸಿಯಾಗಿ ಎರಡು ವರ್ಷವಾದವರು

ಇಷ್ಟೆಲ್ಲ ಖರ್ಚು ಏಕೆ? ನನಗೂ ಜ್ವರ ಬಂದಾಗ 900 ರೂಪಾಯಿಯ ಐಜಿಎಂ ಪ್ರತಿಕಾಯ ಪರೀಕ್ಷೆ ಮಾಡಿಸಿದೆ, ನೆಗೆಟಿವ್ ಬಂತು, ಜ್ವರವೂ ತಾನಾಗಿ ಹೋಯಿತು. ಬಡವರನ್ನು ಹೆದರಿಸಿ ಪರೀಕ್ಷೆ ಮಾಡಿಸುವುದು ಒಂದು ದಂಧೆಯಾಗಿದೆ.

ಮೈಸೂರಿನಿಂದ

ತುಮಕೂರಿನವರೇ, ತಮ್ಮ ಜ್ವರ ಹೋದದ್ದು ಸಂತೋಷ. ಆದರೆ ರೋಗನಿರೋಧಕ ಶಕ್ತಿಯನ್ನು ಔಷಧ ಕೊಟ್ಟು ಕುಗ್ಗಿಸಿದವರ ದೇಹ ಹೊತ್ತಿಗೆ ಸರಿಯಾಗಿ ಐಜಿಎಂ ತಯಾರಿಸುತ್ತದೆಂದು ಯಾರು ಹೇಳಿದರು? ಕಸಿಗೆ ಮೊದಲು ಅಪಾಯ ಅಳೆಯಲು ಐಜಿಜಿ ಬೇಕು. ಕಸಿಯ ನಂತರ ಸಕ್ರಿಯ ಸೋಂಕನ್ನು ಕಂಡುಹಿಡಿಯಲು ಐಜಿಎಂ ಪ್ರಯೋಜನಕ್ಕೆ ಬಾರದು. ಇಲ್ಲಿ ಪ್ರಶ್ನೆ ಕೇಳಿರುವವರು ಬಳಲಿದ ಹೆಣ್ಣುಮಗಳು. ತಮ್ಮ ಸಲಹೆಯನ್ನು ನಂಬಿ ಅವರು ಕೊಲೊನೊಸ್ಕೋಪಿ ಕೈಬಿಟ್ಟರೆ ಹೊಣೆ ಹೊರುತ್ತೀರಾ?

ತುಮಕೂರಿನಿಂದ

ನನ್ನ ಅನುಭವವನ್ನು ನಾನು ಬರೆದೆ. ತಾವು ವೈದ್ಯರಲ್ಲ, ನಾನೂ ಅಲ್ಲ. ಧ್ವನಿ ಏರಿಸುವ ಅಗತ್ಯವಿಲ್ಲ.

ಬೆಳಗಾವಿಯಿಂದ, ಶಿಕ್ಷಕಿ

ಎಲ್ಲರೂ ಸಿಎಂವಿಯೊಂದನ್ನೇ ಹಿಡಿದಿದ್ದಾರೆ. ಅದು ಸೇರಿದ ಹರ್ಪಿಸ್ ಕುಟುಂಬದಲ್ಲಿ ಮನುಷ್ಯರನ್ನು ಕಾಡುವ ಒಂಬತ್ತು ವೈರಸ್‌ಗಳಿವೆ. ನನ್ನ ಪತಿಗೆ ಕಸಿಯಾದ ಎರಡನೇ ವರ್ಷ ತಡೆಯಲಾಗದ ಹೊಟ್ಟೆನೋವು ಬಂತು. ಅಪೆಂಡಿಕ್ಸ್ ಎಂದರು, ಪಿತ್ತಕೋಶ ಎಂದರು, ಸ್ಕ್ಯಾನ್‌ಗಳಿಗೇ 11,000 ರೂಪಾಯಿ ಹೋಯಿತು. ದಿನಗಳ ನಂತರ ಪಕ್ಕೆಯಲ್ಲಿ ಗುಳ್ಳೆಗಳೆದ್ದವು: ಸರ್ಪಸುತ್ತು. ಊರಿನಿಂದ ಬಂದ ಹಿರಿಯರು ವೈದ್ಯರು ನೋಡುವ ಮೊದಲೇ ಅದರ ಮೇಲೆ ಕೆಮ್ಮಣ್ಣು ಬಳಿದರು. ಪರೀಕ್ಷೆಗೆ ಗುಳ್ಳೆಯ ತಳದಿಂದ ದ್ರವ ತೆಗೆಯಬೇಕು. ಮಣ್ಣು ಮೆತ್ತಿದ ಹುಣ್ಣನ್ನು ತೊಳೆದು, ಇನ್ನೊಂದು ಹೊಸ ಗುಳ್ಳೆಯೇಳುವುದನ್ನು ಕಾಯಬೇಕಾಯಿತು. ಮೊದಲು ಮಾಡಿದ, ಗುಳ್ಳೆಯ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಜ್ಯಾಂಕ್ ಪರೀಕ್ಷೆ ಇದು ಹರ್ಪಿಸ್ ಬಗೆಯದೆಂದು ಮಾತ್ರ ಹೇಳಿತು. ಹರ್ಪಿಸ್ ಸಿಂಪ್ಲೆಕ್ಸೋ, ಸರ್ಪಸುತ್ತು ತರುವ ಜೋಸ್ಟರೋ ಎಂದು ಬೇರ್ಪಡಿಸಿದ್ದು ಗುಳ್ಳೆಯ ಪಿಸಿಆರ್. ಅಷ್ಟರಲ್ಲಿ ಗುಳ್ಳೆಗಳು ಬೆನ್ನು, ಎದೆ, ಮುಖಕ್ಕೂ ಹರಡಿ, ರಕ್ತನಾಳದ ಮೂಲಕ ಅಸೈಕ್ಲೋವಿರ್ ಕೊಡಬೇಕಾಯಿತು. ಆ ಔಷಧ ಕಿಡ್ನಿಯಲ್ಲಿ ಹರಳುಗಟ್ಟದಿರಲೆಂದು ಸಾಕಷ್ಟು ಸಲೈನ್ ಕೊಡುತ್ತಲೇ ಇರಬೇಕು. ಉರಿನೋವು ಇಂದಿಗೂ ಹೋಗಿಲ್ಲ.

ಹುಬ್ಬಳ್ಳಿಯಿಂದ

ಶಿಕ್ಷಕಿಯವರ ಸಂಕಟ ಅರ್ಥವಾಗುತ್ತದೆ, ಆದರೆ ಇಲ್ಲಿ ಕೇಳಿರುವುದು ಸರ್ಪಸುತ್ತಿನ ವಿಚಾರವಲ್ಲ.

ಬೆಳಗಾವಿಯಿಂದ

ತಮ್ಮ 2011ರ ರಾತ್ರಿ ಬಸ್ಸಿನ ವಿಚಾರವನ್ನೂ ಅವರು ಕೇಳಿರಲಿಲ್ಲ, ಸರ್.

ರಾಯಚೂರಿನಿಂದ, ಕಸಿಯಾದವರ ಪತಿ

ಕ್ರಿಯಾಟಿನಿನ್ ಏರಿದೆಯೆಂದರೆ ಕಸಿಯಾದ ಕಿಡ್ನಿಯನ್ನು ಕೆಡಿಸುವ ಬಿಕೆ ವೈರಸ್ ಇರಲೂಬಹುದು. ನನ್ನ ಹೆಂಡತಿಗೆ ಹಾಗೆಯೇ ಆಯಿತು. ಇದೂ ಹರ್ಪಿಸ್ಸೇ ಎಂದುಕೊಂಡು ವಾಲ್‌ಗ್ಯಾನ್ಸಿಕ್ಲೋವಿರ್ ಬರೆದುಕೊಟ್ಟವರೂ ಇದ್ದರು, ತಿಂಗಳಿಗೆ 9,000 ರೂಪಾಯಿ ವ್ಯರ್ಥವಾಯಿತು.

ಮಂಗಳೂರಿನಿಂದ

ಬಿಕೆ ಹರ್ಪಿಸ್ ಕುಟುಂಬಕ್ಕೆ ಸೇರಿದ್ದೇ ಅಲ್ಲ, ಪಾಲಿಯೋಮಾ ಬಗೆಯದು. ಅದಕ್ಕೆ ಈ ಮಾತ್ರೆ ನಾಟುವುದಿಲ್ಲ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಗಳನ್ನು ಇಳಿಸುವುದೇ ಮುಖ್ಯ ದಾರಿ. ಹಾಗಿದ್ದರೂ ರಕ್ತದ ಬಿಕೆ ಪಿಸಿಆರ್ ಒಂದನ್ನು ಜೊತೆಗೇ ಮಾಡಿಸುವುದು ಒಳ್ಳೆಯದು. ರಾಯಚೂರಿನವರ ಮಾತಿನಲ್ಲಿ ಅಷ್ಟು ಸತ್ಯವಿದೆ.

ಹಾಸನದ ಗೃಹಿಣಿ

ಎಲ್ಲರಿಗೂ ಕೃತಜ್ಞತೆಗಳು. ವರದಿಗಳನ್ನು ಮತ್ತೆ ನೋಡಿದೆ: ಮೊದಲಿನದು ಪ್ಲಾಸ್ಮಾ, ಎರಡನೆಯದು ಇಡೀ ರಕ್ತ. ಟ್ಯಾಕ್ರೋಲಿಮಸ್ ಮಟ್ಟ 14 ಇದೆ. ಗುರುವಾರ ಕೊಲೊನೊಸ್ಕೋಪಿಗೆ ಒಪ್ಪಿದ್ದೇವೆ. ಹುಣ್ಣು ಕಾಣದಿದ್ದರೂ ಬಯಾಪ್ಸಿ ತೆಗೆಯಬೇಕೇ?

ಮೈಸೂರಿನಿಂದ

ಖಂಡಿತ ತೆಗೆಯಬೇಕು. ಕಣ್ಣಿಗೆ ಕರುಳು ಸಾಮಾನ್ಯವಾಗಿ ಕಂಡಾಗಲೂ ಒಳಗೆ ಸಿಎಂವಿ ಇರಬಹುದು. ಒಂದೇ ಕಡೆಯಿಂದ ಬೇಡ, ಹಲವು ಕಡೆಗಳಿಂದ ತೆಗೆಯಲಿ. ಪೆಥಾಲಜಿಯ ಚೀಟಿಯಲ್ಲಿ ಕಿಡ್ನಿ ಕಸಿಯಾದ ರೋಗಿ, ಸಿಎಂವಿ ಅನುಮಾನ, ಇಮ್ಯುನೊಹಿಸ್ಟೊಕೆಮಿಸ್ಟ್ರಿ ಬೇಕು ಎಂದು ಸ್ಪಷ್ಟವಾಗಿ ಬರೆಸಿ.

ಹುಬ್ಬಳ್ಳಿಯಿಂದ

ಗುರುವಾರದ ವರದಿ ಏನೇ ಬರಲಿ, ಪ್ಲಾಸ್ಮಾ ಪರೀಕ್ಷೆ ಮಾಡಿದ ಮೊದಲ ಲ್ಯಾಬಿನಲ್ಲಿಯೇ ವಾರಕ್ಕೊಮ್ಮೆ ಪಿಸಿಆರ್ ಮುಂದುವರಿಸಿ. ಚಿಕಿತ್ಸೆ ಆರಂಭವಾದರೆ ಕನಿಷ್ಠ ಎರಡು ವಾರ ನಡೆಯಬೇಕು, ಲಕ್ಷಣಗಳು ಹೋಗಿ ವೈರಸ್ ಇಳಿದದ್ದು ಖಚಿತವಾಗುವವರೆಗೆ ನಿಲ್ಲಿಸಬಾರದು. ಪ್ರಮಾಣವನ್ನು ಪ್ರತಿ ಬಾರಿಯೂ ಅಂದಿನ ಕ್ರಿಯಾಟಿನಿನ್ ನೋಡಿಯೇ ನಿರ್ಧರಿಸಲಿ. ಈ ಒಂದು ವಿಷಯದಲ್ಲಿ ಮಂಗಳೂರಿನ ಮಗಳ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಮುಂಜಾಗ್ರತೆಯ ಮಾತ್ರೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.