ಡೆಬಿಯನ್ ಪ್ಯಾಕೇಜ್: ಒಂದು ಪ್ಲಗಿನ್‌ಗೋಸ್ಕರ ಜಿಟಿಕೆ ಪೂರ್ತಿ ಬರ್ತಿದೆ, ಹೇಗೆ ಒಡೆಯೋದು?

ಪ್ರಶ್ನೆ:
ನಮಸ್ಕಾರ. ಹವಾಮಾನ ಸೆನ್ಸರ್‌ಗಳ ಅಂಕಿ ಬರೆದಿಡೋ ಒಂದು ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಂ) ಪ್ಯಾಕೇಜ್ ಮಾಡ್ತಿದ್ದೀನಿ. ಸಿ ಕೋಡ್, ಪ್ಯಾಕೇಜ್ ಕಟ್ಟೋ ಸಾಧನ ಡೆಬ್‌ಹೆಲ್ಪರ್‌ನ ಕಂಪ್ಯಾಟ್ (ನಡವಳಿಕೆಯ ಮಟ್ಟ) 12. ಪ್ಲಗಿನ್‌ಗಳು: ಸಿಎಸ್‌ವಿ, ಎಸ್‌ಕ್ಯುಲೈಟ್, ಎಂಕ್ಯುಟಿಟಿ, ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ಜಿಟಿಕೆ (ಪರದೆ ಮೇಲೆ ಕಿಟಕಿ ತೋರಿಸೋ ಲೈಬ್ರರಿ) ಗ್ರಾಫ್. ಎಲ್ಲಾ ಒಂದೇ ಪ್ಯಾಕೇಜಲ್ಲಿವೆ. ಮಾನಿಟರ್ ಇಲ್ಲದ ರಾಸ್ಪ್‌ಬೆರಿ ಪೈಗೆ ಹಾಕಿದ್ರೂ ಜಿಟಿಕೆ, ಅದರ ಹಿಂದೆ ಐಕಾನ್ ಥೀಮ್ ಎಲ್ಲಾ ಬರುತ್ತೆ. ಡಿಪೆಂಡ್ಸ್ (ಜೊತೆಗೆ ಬೇಕೇ ಬೇಕಾದ ಪ್ಯಾಕೇಜ್‌ಗಳ) ಸಾಲಲ್ಲಿ ನಾನು ಜಿಟಿಕೆ ಬರೆದೇ ಇಲ್ಲ. ಪ್ಲಗಿನ್‌ಗೊಂದು ಪ್ಯಾಕೇಜ್ ಮಾಡಿಬಿಡಲಾ?

ಉತ್ತರ 1:
ನೀವು ಬರೆದಿಲ್ಲ, ಬಿಲ್ಡ್ ಮಾಡುವಾಗ ಓಡೋ ಶ್‌ಲಿಬ್‌ಡೆಪ್ಸ್ ಅನ್ನೋ ಸಾಧನ ಬರೆದಿದೆ. ಪ್ಯಾಕೇಜಲ್ಲಿರೋ ಪ್ರತಿ ಡಾಟ್-ಎಸ್‌ಒ (ಪ್ಲಗಿನ್, ಲೈಬ್ರರಿ) ಫೈಲನ್ನೂ ನೋಡಿ, ಅದು ಯಾವ ಲೈಬ್ರರಿಗೆ ಲಿಂಕ್ ಆಗಿದೆಯೋ ಅದನ್ನೆಲ್ಲ ಡಿಪೆಂಡ್ಸ್‌ಗೆ ತುಂಬುತ್ತೆ. ಪ್ಲಗಿನ್ ಬೇಕಾದಾಗ ಮಾತ್ರ ಡಿಎಲ್‌ಓಪನ್‌ನಿಂದ (ಓಡುವಾಗ ಲೈಬ್ರರಿ ತೆರೆಯೋ ಕರೆ) ಲೋಡ್ ಆಗೋದು ಅನ್ನೋದು ಅದಕ್ಕೆ ತಿಳಿಯಲ್ಲ.

ಆದ್ರೆ ಪ್ಲಗಿನ್‌ಗೊಂದು ಪ್ಯಾಕೇಜ್ ಮಾಡಬೇಡಿ, ದಯವಿಟ್ಟು. ಡೆಬಿಯನ್‌ಗೆ ಕಳಿಸೋ ಯೋಚನೆ ಇದ್ರೆ, ಹೊಸ ಬೈನರಿ ಪ್ಯಾಕೇಜ್ ಸೇರಿಸಿದ ಅಪ್‌ಲೋಡ್ ‘ನ್ಯೂ’ ಅನ್ನೋ ಸರದಿಯಲ್ಲಿ ಕೂತು ಮನುಷ್ಯರ ಪರಿಶೀಲನೆಗೆ ಕಾಯುತ್ತೆ. ಪ್ರತಿ ಪ್ಯಾಕೇಜಿನ ವಿವರವೂ ಎಲ್ಲರ ಆಪ್ಟ್ (ಪ್ಯಾಕೇಜ್ ತರಿಸಿ ಹಾಕೋ ಸಾಧನ) ಪಟ್ಟಿ ಸೇರುತ್ತೆ, ನಿಮ್ಮ ಡೀಮನ್ ಹೆಸರೇ ಕೇಳದವರದ್ದೂ ಸೇರಿ. ಎಷ್ಟು ಪ್ಲಗಿನ್ ಇವೆ ಅಂತ ಎಣಿಸಬೇಡಿ. ಯಾವುದು ಭಾರದ ಲೈಬ್ರರಿ ಎಳ್ಕೊಂಡು ಬರುತ್ತೆ ನೋಡಿ. ಎಸ್‌ಕ್ಯುಲೈಟ್, ಎಂಕ್ಯುಟಿಟಿ ಹಗುರ, ಒಳಗೇ ಇರಲಿ. ಡೇಟಾಬೇಸ್ ಕ್ಲೈಂಟ್ ಲೈಬ್ರರಿಗಳೂ ಅಂಥ ದೊಡ್ಡವಲ್ಲ. ಜಿಟಿಕೆ ಒಂದನ್ನೇ ಹೊರಗೆ ತೆಗೀರಿ.

ಉತ್ತರ 2:
ಒಡೆಯದೆಯೂ ಒಂದು ದಾರಿ ಇದೆ. ಕಲೆಕ್ಟ್‌ಡಿ ನೋಡಿ, ಅದೂ ಪ್ಲಗಿನ್‌ಗಳಿರೋ, ಅಂಕಿ ಸಂಗ್ರಹಿಸೋ ಡೀಮನ್. ಫೆಡೋರಾದಲ್ಲಿ ಅದರ ಮೈಎಸ್‌ಕ್ಯುಎಲ್, ಎಸ್‌ಎನ್‌ಎಂಪಿ ಪ್ಲಗಿನ್‌ಗಳು ಬೇರೆ ಬೇರೆ ಉಪಪ್ಯಾಕೇಜ್. ಡೆಬಿಯನ್‌ನಲ್ಲಿ ಪ್ಲಗಿನ್‌ಗಳು ಕಲೆಕ್ಟ್‌ಡಿ-ಕೋರ್ ಒಂದರಲ್ಲೇ ಇವೆ, ಅವುಗಳ ಲೈಬ್ರರಿಗಳನ್ನ ಡಿಪೆಂಡ್ಸ್‌ಗಿಂತ ಸಡಿಲವಾದ ಸಾಲಿಗೆ ಇಳಿಸಿದ್ದಾರೆ. ಡಿಪಿಕೆಜಿ-ಶ್‌ಲಿಬ್‌ಡೆಪ್ಸ್‌ನ ಡಿ ಆಯ್ಕೆಯಿಂದ ಯಾವ ಫೈಲಿನ ಲೈಬ್ರರಿ ಯಾವ ಸಾಲಿಗೆ ಹೋಗಬೇಕು ಅಂತ ಹೇಳಬಹುದು. ರೆಕಮೆಂಡ್ಸ್‌ಗೆ ಹಾಕಿದ್ರೆ ಪ್ರಯೋಜನ ಇಲ್ಲ, ಲೆನ್ನಿ ಅನ್ನೋ ಹಳೇ ಡೆಬಿಯನ್ ಆವೃತ್ತಿಯ ಕಾಲದಿಂದ ಆಪ್ಟ್ ಅದನ್ನೂ ತಾನಾಗೇ ಹಾಕುತ್ತೆ. ಸಜೆಸ್ಟ್ಸ್‌ಗೆ ಹಾಕಿ, ಅದು ಬರೀ ಸಲಹೆ, ತಾನಾಗೇ ಬರಲ್ಲ.

ಉತ್ತರ 1:
ಸಿಸ್ಟಮ್ ಅಡ್ಮಿನ್‌ಗಳಿಗೆ ಅದು ಸರಿ, ಲಾಗ್ ಓದಿ ಯಾವ ಲೈಬ್ರರಿ ಇಲ್ಲ ಅಂತ ಕಂಡುಹಿಡೀತಾರೆ. ಗ್ರಾಫ್ ಕಿಟಕಿ ಬೇಕು ಅನ್ನೋ ಹವ್ಯಾಸಿಗೆ ‘ಶೇರ್ಡ್ ಆಬ್ಜೆಕ್ಟ್ ಫೈಲ್ ತೆರೆಯಲಾಗಲಿಲ್ಲ’ ಅನ್ನೋ ಸಾಲು ಕಂಡ್ರೆ ಏನು ಮಾಡಬೇಕು ತೋಚಲ್ಲ. ಅವರಿಗೆ ಹೆಸರಿರೋ ಒಂದು ಪ್ಯಾಕೇಜ್ ಕಣ್ಣಿಗೆ ಬೀಳಬೇಕು. ಇಲ್ಲಿ ಒಡೆಯೋದೇ ವಾಸಿ.

ಪ್ರಶ್ನೆ ಕೇಳಿದವರು:
ಪ್ಯಾಕೇಜ್ ವಿವರ ಇರೋ ಕಂಟ್ರೋಲ್ ಫೈಲಿಗೆ ಗ್ರಾಫ್ ಪ್ಯಾಕೇಜ್ ಸೇರಿಸಿ, ಅದಕ್ಕೊಂದು ಇನ್‌ಸ್ಟಾಲ್ ಫೈಲ್ (ಅದಕ್ಕೆ ಯಾವ ಫೈಲ್ ಹೋಗಬೇಕು ಅನ್ನೋ ಪಟ್ಟಿ) ಬರೆದೆ. ಬಿಲ್ಡ್ ಆಯ್ತು, ಆದ್ರೆ ಈಗ ಮುಖ್ಯ ಪ್ಯಾಕೇಜ್ ಖಾಲಿ! ಡಾಕ್ಯುಮೆಂಟ್ ಬಿಟ್ರೆ ಏನೂ ಇಲ್ಲ.

ಉತ್ತರ 1:
ಬೈನರಿ ಪ್ಯಾಕೇಜ್ ಒಂದೇ ಇದ್ದಾಗ ಡೆಬ್‌ಹೆಲ್ಪರ್ ಫೈಲುಗಳನ್ನ ನೇರ ಅದರ ಫೋಲ್ಡರಿಗೇ ಹಾಕುತ್ತೆ. ಎರಡಾದ ಕೂಡಲೇ ಎಲ್ಲಾ ಡೆಬಿಯನ್/ಟಿಎಂಪಿಗೆ ಹೋಗುತ್ತೆ, ಹಂಚೋದು ನಿಮ್ಮ ಕೆಲಸ. ಮುಖ್ಯ ಪ್ಯಾಕೇಜಿಗೂ ಇನ್‌ಸ್ಟಾಲ್ ಫೈಲ್ ಬರೀರಿ. ಅದರಲ್ಲಿ ‘ಪ್ಲಗಿನ್ಸ್/ಸ್ಟಾರ್’ ಅಂತ ಹಾಕಬೇಡಿ, ಗ್ರಾಫ್ ಫೈಲ್ ಎರಡೂ ಕಡೆ ಹೋಗುತ್ತೆ. ಹೆಸರು ಹಿಡಿದು ಬರೀರಿ. ಕಂಪ್ಯಾಟ್ 13ಕ್ಕೆ ಬನ್ನಿ, ಆಗ ಯಾವ ಫೈಲನ್ನೂ ಹಂಚದೆ ಬಿಟ್ರೆ ಬಿಲ್ಡ್ ಅಲ್ಲೇ ನಿಲ್ಲುತ್ತೆ. 12ರಲ್ಲಿ ಬರೀ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತೆ.

ಇನ್ನೊಂದು. ಹಳೇ ಆವೃತ್ತಿ ಹಾಕ್ಕೊಂಡವರ ಬಳಿ ಗ್ರಾಫ್ ಫೈಲ್ ಮುಖ್ಯ ಪ್ಯಾಕೇಜಿನ ಹೆಸರಲ್ಲಿದೆ. ಹೊಸ ಪ್ಯಾಕೇಜಲ್ಲಿ ಬ್ರೇಕ್ಸ್ (ಅದರ ಜೊತೆ ಇರಲ್ಲ), ರಿಪ್ಲೇಸಸ್ (ಅದರ ಫೈಲ್ ನಾನು ತಗೋತೀನಿ) ಎರಡನ್ನೂ, ಒಡೆದ ಆವೃತ್ತಿಗಿಂತ ಹಿಂದಿನದಕ್ಕೆ ಅಂತ ಬರೀರಿ. ಇಲ್ಲದಿದ್ರೆ ಅಪ್‌ಗ್ರೇಡ್ ಮಾಡುವಾಗ ಡಿಪಿಕೆಜಿ (ಪ್ಯಾಕೇಜ್ ಬಿಚ್ಚಿ ಹಾಕೋ ಸಾಧನ) ‘ಈ ಫೈಲ್ ಬೇರೆ ಪ್ಯಾಕೇಜಲ್ಲಿದೆ’ ಅಂತ ನಿಂತುಬಿಡಬಹುದು. ಪ್ಲಗಿನ್ ಎಬಿಐ (ಡೀಮನ್-ಪ್ಲಗಿನ್ ನಡುವಿನ ಬೈನರಿ ಹೊಂದಾಣಿಕೆ) ಸ್ಥಿರ ಇಲ್ಲ ಅಂದ್ರೆ ಗ್ರಾಫ್ ಪ್ಯಾಕೇಜ್ ಅದೇ ಆವೃತ್ತಿಯ ಮುಖ್ಯ ಪ್ಯಾಕೇಜನ್ನೇ ಡಿಪೆಂಡ್ಸ್‌ನಲ್ಲಿ ಕೇಳಲಿ.

ಪ್ರಶ್ನೆ ಕೇಳಿದವರು:
ಪೈ ಮೇಲೆ ಹೊಸದಾಗಿ ಹಾಕಿದೆ, ಜಿಟಿಕೆ ಬರಲಿಲ್ಲ. ಡೆಸ್ಕ್‌ಟಾಪಲ್ಲಿ ಅಪ್‌ಗ್ರೇಡ್ ಕೂಡ ಆಯ್ತು. ಮುಖ್ಯ ಪ್ಯಾಕೇಜಿನಿಂದ ಗ್ರಾಫ್‌ಗೆ ಸಜೆಸ್ಟ್ಸ್ ಇಟ್ಟಿದ್ದೀನಿ, ಸರಿ ತಾನೇ?

ಉತ್ತರ 2:
ಸರಿ. ಆದ್ರೆ ಈವರೆಗೆ ಗ್ರಾಫ್ ಬಳಸ್ತಿದ್ದವರಿಗೆ ಅಪ್‌ಗ್ರೇಡ್ ಆದ್ಮೇಲೆ ಅದು ಕಾಣೆಯಾಗುತ್ತೆ. ಬಳಕೆದಾರರಿಗೆ ಬದಲಾವಣೆ ತಿಳಿಸೋ ನ್ಯೂಸ್ ಫೈಲಲ್ಲಿ ಹೊಸ ಪ್ಯಾಕೇಜಿನ ಹೆಸರು ಬರೆದಿಡಿ.